ಬಲ ಇರುವುದು ಗೆರೆಯ ಇಳಿಜಾರಿನಲ್ಲಿ, ಎತ್ತರದಲ್ಲಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಪ್ರೌಢಶಾಲಾ ಭೌತಶಾಸ್ತ್ರದ ಮಾದರಿ ಪ್ರಶ್ನೆಗಳು ಪ್ರಕಟವಾಗುತ್ತಿರುವುದು ಸ್ವಾಗತಾರ್ಹ. ಆದರೆ ಚಲನೆಯ ಅಧ್ಯಾಯಕ್ಕೆ ಕೊಟ್ಟ ಪ್ರಶ್ನೆಗಳನ್ನೂ ಬಲ ಮತ್ತು ಚಲನೆಯ ನಿಯಮಗಳ ಅಧ್ಯಾಯಕ್ಕೆ ಕೊಟ್ಟ ಪ್ರಶ್ನೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಮೊದಲನೆಯದರಲ್ಲಿ ವೇಗ–ಕಾಲ ನಕ್ಷೆ (ಕಾಲ ಕಳೆದಂತೆ ವೇಗ ಹೇಗೆ ಬದಲಾಯಿತೆಂದು ತೋರಿಸುವ ಗೆರೆಚಿತ್ರ) ಇದೆ, ಬಲದ ಮಾತಿಲ್ಲ. ಎರಡನೆಯದರಲ್ಲಿ ಬಲ ಇದೆ, ನಕ್ಷೆಯ ಸುಳಿವಿಲ್ಲ. ನಕ್ಷೆಯ ಪ್ರಶ್ನೆಗಳೆಲ್ಲ ಎರಡು ಬಿಂದುಗಳನ್ನು ಓದಿ, ಕಳೆದು, ಭಾಗಿಸಿ ಉತ್ತರ ಬರೆಯುವ ಬಗೆಯವು. ಬಲದ ಪ್ರಶ್ನೆಗಳೆಲ್ಲ ವಸ್ತುವಿನ ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ, ಅಂದರೆ ವೇಗ ಬದಲಾಗುವ ದರದಿಂದ, ಗುಣಿಸಿ ನ್ಯೂಟನ್ನುಗಳಲ್ಲಿ ಉತ್ತರ ಕೊಡುವ ಬಗೆಯವು. ಇದು ತಮ್ಮ ಪತ್ರಿಕೆಯೊಂದರ ಲೋಪವಲ್ಲ. ಪಠ್ಯಪುಸ್ತಕ, ಮಾರ್ಗದರ್ಶಿ, ಪರೀಕ್ಷೆ ಎಲ್ಲವೂ ಈ ಎರಡು ಅಧ್ಯಾಯಗಳನ್ನು ಬೇರೆ ಬೇರೆ ಊರುಗಳಂತೆ ನಡೆಸಿಕೊಂಡು ಬಂದಿವೆ. ಹೀಗೆ ಬಿಡಿಬಿಡಿಯಾಗಿ ಕಲಿತ ವಿದ್ಯಾರ್ಥಿಗಳಲ್ಲಿ ಉಳಿದುಹೋಗುವ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಈ ಪತ್ರ.

ಆ ತಪ್ಪು ತಿಳಿವಳಿಕೆ ಇದು: ವಸ್ತು ಯಾವ ಕಡೆಗೆ ಚಲಿಸುತ್ತಿದೆಯೋ ಆ ಕಡೆಗೆ ಅದರ ಮೇಲೆ ಬಲವಿರಬೇಕು, ಹೆಚ್ಚು ವೇಗವಿದ್ದರೆ ಹೆಚ್ಚು ಬಲ, ಕಡಿಮೆ ವೇಗವಿದ್ದರೆ ಕಡಿಮೆ ಬಲ, ವೇಗ ಸೊನ್ನೆಯಾದರೆ ಬಲವೂ ಸೊನ್ನೆ. ಫ್ರಾನ್ಸಿನ ಲಾರೆನ್ಸ್ ವಿಯೆನೊ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಲವೆಂದರೆ ರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎಂಬ ನ್ಯೂಟನ್ನನ ಎರಡನೆಯ ನಿಯಮವನ್ನು ಬಾಯಿಪಾಠವಾಗಿ ಬಲ್ಲ ವಿದ್ಯಾರ್ಥಿಗಳೇ, ಸೂತ್ರ ಕೈಗೆ ಸಿಗದ ಸನ್ನಿವೇಶದಲ್ಲಿ ಬಲವನ್ನು ವೇಗಕ್ಕೆ ಜೋಡಿಸಿ ಯೋಚಿಸುತ್ತಾರೆಂದು ತೋರಿಸಿದರು. ಅಮೆರಿಕದಲ್ಲಿ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಸಂಗಡಿಗರು 1987ರಲ್ಲಿ ಚಲನೆಯ ನಕ್ಷೆಗಳ ಬಗ್ಗೆ ಬರೆದ ಲೇಖನದಲ್ಲಿ ಇನ್ನೊಂದು ತೊಡಕನ್ನು ಎತ್ತಿ ಹೇಳಿದರು: ಇಳಿಜಾರನ್ನು ನೋಡಿ ಉತ್ತರಿಸಬೇಕಾದ ಕಡೆ ವಿದ್ಯಾರ್ಥಿಗಳು ಗೆರೆಯ ಎತ್ತರವನ್ನು ನೋಡಿ ಉತ್ತರಿಸುತ್ತಾರೆ. ಒಂದು ಅಧ್ಯಯನ ಬಲದ ಕುರಿತದ್ದು, ಇನ್ನೊಂದು ನಕ್ಷೆಯ ಕುರಿತದ್ದು. ನನ್ನ ದೃಷ್ಟಿಯಲ್ಲಿ ಎರಡೂ ಒಂದೇ ಕಾಯಿಲೆಯ ಎರಡು ಲಕ್ಷಣಗಳು. ವೇಗ–ಕಾಲ ನಕ್ಷೆಯಲ್ಲಿ ಎತ್ತರವೆಂದರೆ ವೇಗ, ಇಳಿಜಾರೆಂದರೆ ವೇಗೋತ್ಕರ್ಷ. ನಿವ್ವಳ ಬಲ, ಅಂದರೆ ವಸ್ತುವಿನ ಮೇಲಿನ ಎಲ್ಲ ಬಲಗಳನ್ನು ದಿಕ್ಕು ಸಹಿತ ಕೂಡಿಸಿದಾಗ ಉಳಿಯುವ ಬಲ, ಸಂಬಂಧ ಇಟ್ಟುಕೊಂಡಿರುವುದು ವೇಗೋತ್ಕರ್ಷದ ಜೊತೆಗೆ. ಎತ್ತರವನ್ನೂ ಇಳಿಜಾರನ್ನೂ ಬೇರೆ ಮಾಡಿ ನೋಡಲು ಬಾರದ ವಿದ್ಯಾರ್ಥಿಗೆ ವೇಗವನ್ನೂ ಬಲವನ್ನೂ ಬೇರೆ ಮಾಡಲು ಬರುವುದಿಲ್ಲ. ಆದುದರಿಂದ ಬಲದ ಪಾಠವನ್ನು ನಕ್ಷೆಯ ಮೇಲೆಯೇ ಕಲಿಸಬೇಕೆಂಬುದು ನನ್ನ ವಾದ.

ನೇರವಾಗಿ ಮೇಲಕ್ಕೆ ಎಸೆದ ಚೆಂಡನ್ನೇ ತೆಗೆದುಕೊಳ್ಳೋಣ. ಕೈ ಬಿಟ್ಟ ಕ್ಷಣದಲ್ಲಿ ಅದರ ವೇಗ ಸೆಕೆಂಡಿಗೆ 19.6 ಮೀಟರ್ ಎಂದಿಟ್ಟುಕೊಳ್ಳೋಣ. ಮೇಲ್ಮುಖ ದಿಕ್ಕು ಧನ, ಗಾಳಿಯ ಪ್ರತಿರೋಧ ನಗಣ್ಯ. ಒಂದು ಸೆಕೆಂಡಿನ ಬಳಿಕ ವೇಗ 9.8, ಎರಡು ಸೆಕೆಂಡಿಗೆ ಸೊನ್ನೆ, ಮೂರು ಸೆಕೆಂಡಿಗೆ ಋಣ 9.8, ನಾಲ್ಕು ಸೆಕೆಂಡಿಗೆ ಋಣ 19.6. ಈ ಐದು ಬಿಂದುಗಳನ್ನು ಗುರುತಿಸಿ ಸೇರಿಸಿದರೆ ಸಿಗುವುದು ಮೇಲಿನಿಂದ ಕೆಳಕ್ಕೆ ಒಂದೇ ಓರೆಯಲ್ಲಿ ಸಾಗಿ, ಮಧ್ಯದಲ್ಲಿ ಕಾಲದ ಅಕ್ಷವನ್ನು ದಾಟಿ ಹೋಗುವ ಒಂದು ಸರಳರೇಖೆ. ಅದರಲ್ಲಿ ಎಲ್ಲಿಯೂ ಬಾಗಿಲ್ಲ, ಮುರಿತವಿಲ್ಲ, ತಂಗುದಾಣವಿಲ್ಲ. ಏರುವಾಗ, ತುದಿಯಲ್ಲಿ, ಇಳಿಯುವಾಗ ಇಳಿಜಾರು ಒಂದೇ, ಋಣ 9.8. ಅಂದರೆ ಬಲವೂ ಒಂದೇ, ಗುರುತ್ವದ್ದು, ಕೆಳಮುಖವಾದದ್ದು.

ಇದೇ ಪ್ರಸಂಗವನ್ನು ನಕ್ಷೆಯಿಲ್ಲದೆ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ 1982ರಲ್ಲಿ ಜಾನ್ ಕ್ಲೆಮೆಂಟ್ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ ಉದಾಹರಣೆ. ಮೇಲಕ್ಕೆ ಚಿಮ್ಮಿದ ನಾಣ್ಯ ಅರ್ಧ ದಾರಿಯಲ್ಲಿ ಏರುತ್ತಿರುವಾಗ ಅದರ ಮೇಲಿನ ಬಲಗಳನ್ನು ಗುರುತಿಸಿ ಎಂದಾಗ, ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಗುರುತ್ವದ ಜೊತೆಗೆ ಕೈಯಿಂದ ಬಂದ ಒಂದು ಮೇಲ್ಮುಖ ಬಲವನ್ನೂ ಬರೆದರು. ಆ ಬಲ ಕ್ರಮೇಣ ಸವೆಯುತ್ತದೆ, ತುದಿಯಲ್ಲಿ ಗುರುತ್ವಕ್ಕೆ ಸಮನಾಗುತ್ತದೆ, ಆಮೇಲೆ ಗುರುತ್ವ ಗೆಲ್ಲುತ್ತದೆ ಎಂಬುದು ಅವರ ವಿವರಣೆ. ಕೇಳಲು ಎಷ್ಟು ಸಹಜವಾಗಿದೆ! ಹೀಗೆ ಯೋಚಿಸಿದವರು ಇವರೇ ಮೊದಲಿಗರೂ ಅಲ್ಲ. ಎಸೆದವನ ಕೈ ವಸ್ತುವಿನೊಳಗೆ ಒಂದು ಚಾಲನೆಯನ್ನು ತುಂಬುತ್ತದೆ ಎಂಬ ವಿಚಾರವನ್ನು ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೊಪೋನಸ್ ಮುಂದಿಟ್ಟಿದ್ದ. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬ್ಯೂರಿಡಾನ್ ಅದನ್ನು ಬೆಳೆಸಿದ. ವಿದ್ವಾಂಸರೇ ಶತಮಾನಗಳ ಕಾಲ ಒಪ್ಪಿಕೊಂಡಿದ್ದ ವಿಚಾರವನ್ನು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತಾನಾಗಿ ಯೋಚಿಸಿ ಮುಟ್ಟಿದರೆ ಅದನ್ನು ದಡ್ಡತನ ಎನ್ನಲಾಗದು. ಅವಳಿಗೆ ಬೇಕಾದುದು ಗದರಿಕೆಯಲ್ಲ, ಆ ವಿಚಾರವನ್ನು ಒರೆಗೆ ಹಚ್ಚುವ ದಾರಿ.

ನಕ್ಷೆ ಆ ದಾರಿಯನ್ನು ಒದಗಿಸುತ್ತದೆ. ಮೇಲ್ಮುಖ ಬಲವೊಂದು ನಿಜವಾಗಿ ಸವೆಯುತ್ತಾ ಹೋಗುತ್ತಿದ್ದರೆ ನಿವ್ವಳ ಬಲ ಕ್ಷಣಕ್ಷಣಕ್ಕೂ ಬದಲಾಗಬೇಕು. ನಿವ್ವಳ ಬಲ ಬದಲಾದರೆ ಇಳಿಜಾರು ಬದಲಾಗಬೇಕು. ಇಳಿಜಾರು ಬದಲಾದರೆ ಗೆರೆ ಬಾಗಬೇಕು. ಚೆಂಡಿನ ಚಲನೆಯನ್ನು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಆಗಿ ತೆಗೆದು, ಹಿಂದೆ ಅಳತೆಪಟ್ಟಿಯಿಟ್ಟು, ಒಂದೊಂದು ಚೌಕಟ್ಟಿನಲ್ಲಿ ಚೆಂಡಿನ ಸ್ಥಾನವನ್ನು ಬರೆದುಕೊಂಡು ವೇಗವನ್ನು ಲೆಕ್ಕ ಹಾಕಿದರೆ ಬಿಂದುಗಳು ಅಳತೆಯ ದೋಷದ ಮಿತಿಯೊಳಗೆ ಸರಳರೇಖೆಯ ಮೇಲೆಯೇ ಕೂರುತ್ತವೆ. ಕೈ ಕೊಟ್ಟ ಬಲ ಕೈಯಲ್ಲೇ ಉಳಿಯಿತು, ಚೆಂಡು ಒಯ್ದದ್ದು ವೇಗವನ್ನು ಮಾತ್ರ ಎಂಬುದನ್ನು ಅಧಿಕಾರವಾಣಿಯಿಂದ ಹೇಳಬೇಕಾಗಿಲ್ಲ. ತುದಿಯಲ್ಲಿ ವೇಗೋತ್ಕರ್ಷ ಸೊನ್ನೆ ಎನ್ನುವವರಿಗೂ ನಕ್ಷೆಯಲ್ಲೇ ಉತ್ತರವಿದೆ. ಅಲ್ಲಿ ಇಳಿಜಾರು ಸೊನ್ನೆಯಾಗಿದ್ದರೆ ಗೆರೆ ಅಕ್ಷದ ಮೇಲೆಯೇ ಮಲಗಿ ಮುಂದುವರಿಯಬೇಕಿತ್ತು, ಚೆಂಡು ಆಕಾಶದಲ್ಲೇ ನಿಂತುಬಿಡಬೇಕಿತ್ತು.

ಇದಕ್ಕಿಂತಲೂ ಆಳವಾದ ಒಂದು ವಾದವಿದೆ. ಶಾಲೆಯ ಪಾಠದಲ್ಲಿ ಅದು ಏಕೆ ಬರುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಸೆಕೆಂಡಿಗೆ 9.8 ಮೀಟರಿನ ಸಮವೇಗದಿಂದ ಮೇಲೇರುತ್ತಿರುವ ಗಾಜಿನ ಲಿಫ್ಟಿನಲ್ಲಿ ನಿಂತು ಇದೇ ಚೆಂಡನ್ನು ಯಾರೋ ನೋಡುತ್ತಿದ್ದಾರೆ ಎಂದುಕೊಳ್ಳಿ. ಅವರು ಅಳೆಯುವ ವೇಗ ಪ್ರತಿ ಕ್ಷಣದಲ್ಲೂ ನೆಲದ ಮೇಲಿನವರು ಅಳೆದದ್ದಕ್ಕಿಂತ 9.8ರಷ್ಟು ಕಡಿಮೆ. ಅವರ ನಕ್ಷೆ ಬರೆದರೆ ಇಡೀ ಗೆರೆ ಹಾಗೆಯೇ ಕೆಳಕ್ಕೆ ಸರಿಯುತ್ತದೆ, ಅದರ ಓರೆ ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ. ನೆಲದವರಿಗೆ ಚೆಂಡು ತಿರುಗಿದ್ದು ಎರಡನೆಯ ಸೆಕೆಂಡಿನ ಕೊನೆಯಲ್ಲಿ. ಲಿಫ್ಟಿನವರಿಗೆ ಅದು ತಿರುಗಿದ್ದು ಒಂದನೆಯ ಸೆಕೆಂಡಿನ ಕೊನೆಯಲ್ಲಿ. ವೇಗ ಸೊನ್ನೆಯಾದಾಗ ಬಲವೂ ಮಾಯವಾಗುತ್ತದೆ ಎನ್ನುವುದಾದರೆ ಈ ಎರಡರಲ್ಲಿ ಯಾವ ಕ್ಷಣದಲ್ಲಿ ಮಾಯವಾಯಿತು? ಗೆರೆಯ ಎತ್ತರ ನೋಡುವವರನ್ನು ಅವಲಂಬಿಸಿದೆ. ಸಮವೇಗದಲ್ಲಿ ಸಾಗುವ ಎಲ್ಲ ನೋಡುಗರಿಗೂ ಇಳಿಜಾರು ಒಂದೇ. ಸಮನಾಗಿ ಸಾಗುವ ಹಡಗಿನ ಮುಚ್ಚಿದ ಕೋಣೆಯಲ್ಲಿ ಕುಳಿತವನಿಗೆ ಹಡಗು ನಿಂತಿದೆಯೋ ಚಲಿಸುತ್ತಿದೆಯೋ ಯಾವ ಪ್ರಯೋಗದಿಂದಲೂ ತಿಳಿಯದು ಎಂದು ಗೆಲಿಲಿಯೊ 1632ರಲ್ಲಿ ಬರೆದದ್ದು ಇದೇ ವಿಷಯವನ್ನು. ನಿವ್ವಳ ಬಲವಿಲ್ಲದಿದ್ದರೆ ವೇಗ ಬದಲಾಗದು ಎಂಬ ಜಡತ್ವದ ನಿಯಮವನ್ನೂ ಹೀಗೆಯೇ ನಕ್ಷೆಯಲ್ಲಿ ಓದಬಹುದು: ಅಕ್ಷದ ಮೇಲೆಯೇ ಇರುವ ಸಪಾಟು ಗೆರೆ, ಅಕ್ಷದಿಂದ ಮೇಲೆ ಇರುವ ಸಪಾಟು ಗೆರೆ, ಕೆಳಗೆ ಇರುವ ಸಪಾಟು ಗೆರೆ, ಮೂರಕ್ಕೂ ನಿವ್ವಳ ಬಲ ಸೊನ್ನೆ. ನಿಶ್ಚಲತೆಗೆ ಪ್ರತ್ಯೇಕ ಗೌರವವೇನೂ ಇಲ್ಲ.

ಇಲ್ಲಿ ವಿದ್ಯಾರ್ಥಿಗಳಿಂದ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ಸಮವೇಗಕ್ಕೆ ಬಲ ಬೇಡವಾದರೆ ಸಮತಟ್ಟಾದ ರಸ್ತೆಯಲ್ಲಿ ಸಮವೇಗದಿಂದ ಓಡುವ ವಾಹನಕ್ಕೆ ಇಂಧನ ಏಕೆ ಬೇಕು? ಈ ಪ್ರಶ್ನೆಯನ್ನು ತಳ್ಳಿಹಾಕಿ ಪಾಠ ಮುಂದುವರಿಸುವ ಅಭ್ಯಾಸವೇ ಅರ್ಧ ಅನರ್ಥಕ್ಕೆ ಕಾರಣ. ವಾಹನದ ಮೇಲೆ ಬಲಗಳಿವೆ: ಎಂಜಿನ್ನಿನಿಂದ ತಿರುಗುವ ಚಕ್ರಗಳು ರಸ್ತೆಯನ್ನು ಹಿಂದಕ್ಕೆ ತಳ್ಳಿದಾಗ ರಸ್ತೆ ವಾಹನವನ್ನು ಮುಂದಕ್ಕೆ ತಳ್ಳುತ್ತದೆ, ಗಾಳಿಯ ಪ್ರತಿರೋಧವೂ ಉರುಳುವಿಕೆಯ ಪ್ರತಿರೋಧವೂ ಹಿಂದಕ್ಕೆ ಎಳೆಯುತ್ತವೆ. ಇವು ಸರಿಸಮವಾದಾಗ ನಿವ್ವಳ ಬಲ ಸೊನ್ನೆ, ಗೆರೆ ಸಪಾಟು. ಇಂಧನ ಖರ್ಚಾಗುವುದು ಪ್ರತಿರೋಧಕ್ಕೆ ಎದುರಾಗಿ ಕೆಲಸ ಮಾಡಲು. ನಕ್ಷೆಯ ಇಳಿಜಾರು ತಿಳಿಸುವುದು ನಿವ್ವಳ ಬಲವನ್ನು ಮಾತ್ರ. ಒಂದೊಂದು ಬಲದ ಲೆಕ್ಕ ಬೇಕಾದರೆ ವಸ್ತುವಿನ ಚಿತ್ರ ಬರೆದು ಅದರ ಮೇಲಿನ ಬಲಗಳನ್ನು ಬಾಣಗಳಿಂದ ಗುರುತಿಸಬೇಕು. ಬಾಣದ ಚಿತ್ರ ಮತ್ತು ನಕ್ಷೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿದಾಗ ಮಾತ್ರ ಎರಡು ಅಧ್ಯಾಯಗಳು ಕೂಡಿಕೊಳ್ಳುತ್ತವೆ.

ಹಾಗೆ ಬರೆಸಲು ವಿಮಾನದಿಂದ ಜಿಗಿಯುವವರ ಚಲನೆಗಿಂತ ಉತ್ತಮ ವಸ್ತು ನನಗೆ ಕಂಡಿಲ್ಲ. ಕೆಳಮುಖವನ್ನು ಧನ ಎಂದು ಆರಿಸಿಕೊಳ್ಳೋಣ. ಜಿಗಿದ ಕ್ಷಣದಲ್ಲಿ ಗೆರೆ 9.8ರ ಓರೆಯಲ್ಲಿ ಏರತೊಡಗುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ಪ್ರತಿರೋಧ ಹೆಚ್ಚಿ ಓರೆ ತಗ್ಗುತ್ತದೆ, ಕೊನೆಗೆ ಸೆಕೆಂಡಿಗೆ ಸುಮಾರು 55 ಮೀಟರಿನ ಹತ್ತಿರ ಗೆರೆ ಸಪಾಟಾಗುತ್ತದೆ. ಇದೇ ಟರ್ಮಿನಲ್ ವೇಗ. ಇಲ್ಲಿ ವೇಗ ಅತಿ ಹೆಚ್ಚು, ನಿವ್ವಳ ಬಲ ಸೊನ್ನೆ. ಜಿಗಿದ ಕ್ಷಣದಲ್ಲಿ ವೇಗ ಸೊನ್ನೆ, ನಿವ್ವಳ ಬಲ ಅತಿ ಹೆಚ್ಚು. ವೇಗ ಹೆಚ್ಚಿದ್ದಲ್ಲಿ ಬಲ ಹೆಚ್ಚು ಎಂಬ ನಂಬಿಕೆಯನ್ನು ಇದಕ್ಕಿಂತ ಪೂರ್ತಿಯಾಗಿ ತಲೆಕೆಳಗು ಮಾಡುವ ಉದಾಹರಣೆ ಇನ್ನೇನು ಬೇಕು? ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಪ್ರತಿರೋಧ ತೂಕವನ್ನು ಮೀರುತ್ತದೆ, ಇಳಿಜಾರು ಋಣವಾಗುತ್ತದೆ, ಗೆರೆ ಕಡಿದಾಗಿ ಇಳಿದು ಸೆಕೆಂಡಿಗೆ ಸುಮಾರು 5 ಮೀಟರಿನ ಹತ್ತಿರ ಮತ್ತೆ ಸಪಾಟಾಗುತ್ತದೆ. ಅಷ್ಟು ಹೊತ್ತೂ ಗೆರೆ ಅಕ್ಷದ ಮೇಲ್ಗಡೆಯೇ ಇದೆ, ಅಂದರೆ ಜಿಗಿದವರು ಕೆಳಕ್ಕೇ ಬರುತ್ತಿದ್ದಾರೆ. ವಿಡಿಯೊಗಳಲ್ಲಿ ಪ್ಯಾರಾಚೂಟ್ ಬಿಚ್ಚಿದವರು ದಿಢೀರನೆ ಮೇಲಕ್ಕೆ ಹಾರಿದಂತೆ ಕಾಣುವುದು, ಚಿತ್ರ ತೆಗೆಯುವವರು ಇನ್ನೂ ಹಳೆಯ ವೇಗದಲ್ಲೇ ಬೀಳುತ್ತಿರುವುದರಿಂದ. ನಿವ್ವಳ ಬಲ ಮೇಲ್ಮುಖ, ಚಲನೆ ಕೆಳಮುಖ. ಎರಡೂ ಏಕಕಾಲಕ್ಕೆ ಸತ್ಯ.

2012ರ ಅಕ್ಟೋಬರ್ 14ರಂದು ಆಸ್ಟ್ರಿಯದ ಜಿಗಿತಗಾರ ಫೀಲಿಕ್ಸ್ ಬಾಮ್‌ಗಾರ್ಟ್ನರ್ ಸುಮಾರು 39 ಕಿ.ಮೀ. ಎತ್ತರದಿಂದ ಜಿಗಿದಾಗ ನಡೆದದ್ದು ಇನ್ನೂ ಸ್ವಾರಸ್ಯಕರ. ಅಷ್ಟು ಎತ್ತರದಲ್ಲಿ ಗಾಳಿ ಅತ್ಯಂತ ವಿರಳವಾದುದರಿಂದ ಅವರ ವೇಗ ಗಂಟೆಗೆ 1,357.6 ಕಿ.ಮೀ.ವರೆಗೆ, ಅಂದರೆ ಸೆಕೆಂಡಿಗೆ ಸುಮಾರು 377 ಮೀಟರಿನವರೆಗೆ ಏರಿತು. ಮುಂದೆ ಗಾಳಿ ದಟ್ಟವಾಗುತ್ತಾ ಹೋದಂತೆ, ಪ್ಯಾರಾಚೂಟ್ ತೆರೆಯುವ ಎಷ್ಟೋ ಮೊದಲೇ, ಬೀಳುತ್ತಿರುವಾಗಲೇ ಅವರ ವೇಗ ಕಡಿಮೆಯಾಗುತ್ತಾ ಬಂದಿತು. ಬೀಳುವ ವಸ್ತುವಿನ ವೇಗ ಹೆಚ್ಚುತ್ತಲೇ ಹೋಗಬೇಕು ಎಂಬ ನಂಬಿಕೆಗೂ, ಟರ್ಮಿನಲ್ ವೇಗ ಎಂಬುದು ವಸ್ತುವಿಗೆ ಅಂಟಿಕೊಂಡ ಒಂದು ಸ್ಥಿರ ಸಂಖ್ಯೆ ಎಂಬ ನಂಬಿಕೆಗೂ ಈ ಒಂದು ಜಿಗಿತ ಉತ್ತರ ಕೊಡುತ್ತದೆ. ಇದರ ನಕ್ಷೆಯನ್ನು ಕೊಟ್ಟು, ಯಾವ ಅವಧಿಯಲ್ಲಿ ನಿವ್ವಳ ಬಲ ಕೆಳಮುಖ, ಯಾವಾಗ ಸೊನ್ನೆ, ಯಾವಾಗ ಮೇಲ್ಮುಖ ಎಂದು ಕೇಳಿದರೆ ಒಂದು ಲೆಕ್ಕವನ್ನೂ ಮಾಡದೆ ವಿದ್ಯಾರ್ಥಿಯ ತಿಳಿವಳಿಕೆ ಬಯಲಾಗುತ್ತದೆ.

ಚಿಹ್ನೆಯ ವಿಷಯದಲ್ಲಿ ತರಗತಿಗಳಲ್ಲಿ ಹರಡಿರುವ ಒಂದು ಸುಲಭಸೂತ್ರವನ್ನೂ ಇಲ್ಲಿಯೇ ಪ್ರಸ್ತಾಪಿಸುತ್ತೇನೆ. ವೇಗೋತ್ಕರ್ಷ ಋಣವಾಗಿದ್ದರೆ ವಸ್ತು ನಿಧಾನವಾಗುತ್ತಿದೆ ಎಂದು ಬರೆಸಲಾಗುತ್ತದೆ. ಮೇಲೆ ಹೇಳಿದ ಚೆಂಡು ಮೂರನೆಯ ಸೆಕೆಂಡಿನಲ್ಲಿ ಏನು ಮಾಡುತ್ತಿದೆ ಎಂದು ನೋಡಿ: ವೇಗೋತ್ಕರ್ಷ ಋಣ, ಚೆಂಡು ಮಾತ್ರ ಇನ್ನಷ್ಟು ರಭಸದಿಂದ ಬೀಳುತ್ತಿದೆ. ವೇಗ ಮತ್ತು ವೇಗೋತ್ಕರ್ಷಗಳ ಚಿಹ್ನೆ ಒಂದೇ ಆಗಿದ್ದರೆ ಜವ (ದಿಕ್ಕನ್ನು ಬಿಟ್ಟು ವೇಗದ ಪ್ರಮಾಣ ಮಾತ್ರ) ಹೆಚ್ಚುತ್ತದೆ, ಬೇರೆಯಾಗಿದ್ದರೆ ಕುಗ್ಗುತ್ತದೆ. ನಕ್ಷೆಯ ಮಾತಿನಲ್ಲಿ, ಗೆರೆ ಕಾಲದ ಅಕ್ಷದ ಕಡೆಗೆ ಬರುತ್ತಿದ್ದರೆ ನಿಧಾನ, ಅಕ್ಷದಿಂದ ದೂರ ಹೋಗುತ್ತಿದ್ದರೆ ರಭಸ. ಪಠ್ಯಗಳಲ್ಲಿನ ನಕ್ಷೆಗಳು ಬಹುಮಟ್ಟಿಗೆ ಅಕ್ಷದ ಮೇಲ್ಭಾಗದಲ್ಲೇ ಮುಗಿದುಹೋಗುವುದರಿಂದ ಈ ವ್ಯತ್ಯಾಸ ವಿದ್ಯಾರ್ಥಿಗಳ ಕಣ್ಣಿಗೆ ಬೀಳುವ ಸಂದರ್ಭವೇ ಬರುವುದಿಲ್ಲ.

ಇನ್ನು ಗೆರೆಯ ಕೆಳಗಿನ ಕ್ಷೇತ್ರಫಲ. ಅದು ಸ್ಥಾನಪಲ್ಲಟವನ್ನು, ಅಂದರೆ ಹೊರಟ ಸ್ಥಳದಿಂದ ವಸ್ತು ಯಾವ ಕಡೆಗೆ ಎಷ್ಟು ದೂರ ಸರಿದಿದೆ ಎಂಬುದನ್ನು, ಕೊಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನಂಬಿಕೆಯ ಮೇಲೆ ಒಪ್ಪಿಕೊಳ್ಳುತ್ತಾರೆ. ಕ್ಷೇತ್ರಫಲ ಚದರ ಮೀಟರಿನಲ್ಲಿ ಬರಬೇಕಲ್ಲವೇ, ಮೀಟರಿನಲ್ಲಿ ಹೇಗೆ ಬಂದಿತು ಎಂದು ಕೇಳುವ ಧೈರ್ಯವಿರುವ ಮಗುವಿಗೆ ಸರಿಯಾದ ಉತ್ತರ ಸಿಗುವುದು ಅಪರೂಪ. ಉತ್ತರ ಕಷ್ಟದ್ದಲ್ಲ. ಈ ನಕ್ಷೆಯ ಲಂಬ ಬದಿ ಸೆಕೆಂಡಿಗೆ ಇಷ್ಟು ಮೀಟರ್, ಅಡ್ಡ ಬದಿ ಇಷ್ಟು ಸೆಕೆಂಡ್. ಗುಣಿಸಿದರೆ ಸೆಕೆಂಡ್ ಬಿದ್ದುಹೋಗಿ ಮೀಟರ್ ಉಳಿಯುತ್ತದೆ. ವೇಗ ಬದಲಾಗುತ್ತಿದ್ದರೆ ಕಾಲವನ್ನು ಕಿರಿದಾದ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲೂ ವೇಗ ಹೆಚ್ಚುಕಡಿಮೆ ಸ್ಥಿರವೆಂದು ತಿಳಿದು ಕೂಡಿಸಬೇಕು. ಈ ವಿಚಾರದ ಬೇರು ಹದಿನಾಲ್ಕನೆಯ ಶತಮಾನದಲ್ಲಿದೆ. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು, ಸಮನಾಗಿ ವೇಗ ಹೆಚ್ಚುವ ವಸ್ತು ಕ್ರಮಿಸುವ ದೂರವು ಅದರ ನಡುಗಾಲದ ವೇಗದಿಂದ ಅಷ್ಟೇ ಹೊತ್ತು ಸಾಗಿದ ವಸ್ತು ಕ್ರಮಿಸುವ ದೂರಕ್ಕೆ ಸಮ ಎಂದು ನಿರೂಪಿಸಿದ್ದರು. ಫ್ರಾನ್ಸಿನ ನಿಕೋಲ್ ಒರೇಮ್ ಅದನ್ನೇ ಚಿತ್ರವಾಗಿ ತೋರಿಸಿದ: ಅಡ್ಡಗೆರೆ ಕಾಲ, ಅದರ ಮೇಲೆ ನಿಲ್ಲಿಸಿದ ಲಂಬಗೆರೆಗಳು ವೇಗ, ಆಗ ಮೂಡುವ ತ್ರಿಭುಜ, ಅರ್ಧ ಎತ್ತರದ ಆಯತಕ್ಕೆ ಸಮ. ನ್ಯೂಟನ್ ಹುಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಈ ಚಿತ್ರ ಸಿದ್ಧವಾಗಿತ್ತು.

ಅಡ್ಡ ಅಕ್ಷದಲ್ಲಿ ಕಾಲವನ್ನೇ ಇಡಬೇಕೆಂಬುದೂ ಸುಲಭವಾಗಿ ಹೊಳೆದ ವಿಷಯವಲ್ಲ. ಬೀಳುವ ವಸ್ತುವಿನ ವೇಗ ಬಿದ್ದ ದೂರದೊಂದಿಗೆ ಸಮಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು ಸ್ವತಃ ಗೆಲಿಲಿಯೊ 1604ರಲ್ಲಿ ವೆನಿಸ್ಸಿನ ವಿದ್ವಾಂಸ ಪಾವೊಲೊ ಸಾರ್ಪಿಗೆ ಬರೆದ ಪತ್ರದಲ್ಲಿ ನಂಬಿದ್ದ. ಕಾಲದೊಂದಿಗೆ ಹೆಚ್ಚುತ್ತದೆ ಎಂಬ ಸರಿಯಾದ ನಿರೂಪಣೆ ಅವನದೇ 1638ರ ಗ್ರಂಥದಲ್ಲಿ ಪ್ರಕಟವಾಯಿತು. ಸಮಾನ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು 1, 3, 5, 7 ಎಂಬ ಬೆಸಸಂಖ್ಯೆಗಳ ಅನುಪಾತದಲ್ಲಿರುತ್ತವೆ ಎಂಬ ಅವನ ಫಲಿತಾಂಶವನ್ನು, ಮೂಲಬಿಂದುವಿನಿಂದ ಹೊರಟ ಓರೆಗೆರೆಯ ಕೆಳಗಿನ ತ್ರಿಭುಜವನ್ನು ಸಮಾನ ಪಟ್ಟಿಗಳಾಗಿ ಸೀಳಿ ಚಿಕ್ಕ ತ್ರಿಭುಜಗಳನ್ನು ಎಣಿಸಿದರೆ ಏಳನೆಯ ತರಗತಿಯ ಮಗುವೂ ಕಾಣಬಲ್ಲದು. ಚಲನೆಯ ಮೂರು ಸಮೀಕರಣಗಳೂ ಹೀಗೆಯೇ ಒಂದು ತ್ರಾಪಿಜ್ಯದ ಇಳಿಜಾರು ಮತ್ತು ಕ್ಷೇತ್ರಫಲದಿಂದ ಹೊರಡುತ್ತವೆ. ಆದರೂ ಅವನ್ನು ಮೊದಲು ಬಾಯಿಪಾಠ ಮಾಡಿಸಿ, ಆಮೇಲೆ ನಕ್ಷೆಯನ್ನು ಅವುಗಳ ಅಲಂಕಾರವೆಂಬಂತೆ ತೋರಿಸುವುದು ವಾಡಿಕೆಯಾಗಿದೆ. ಇದರ ಫಲವಾಗಿ ಆ ಸಮೀಕರಣಗಳು ಸ್ಥಿರ ವೇಗೋತ್ಕರ್ಷಕ್ಕೆ ಮಾತ್ರ ಅನ್ವಯಿಸುತ್ತವೆ ಎಂಬ ಷರತ್ತು ಮರೆತುಹೋಗುತ್ತದೆ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಸರಾಸರಿ ಜವ ಸೆಕೆಂಡಿಗೆ 10.44 ಮೀಟರ್, 60ರಿಂದ 80 ಮೀಟರಿನ ನಡುವಿನ ಭಾಗವನ್ನು ಅವರು 1.61 ಸೆಕೆಂಡಿನಲ್ಲಿ ಮುಗಿಸಿದರು, ಅಂದರೆ ಅಲ್ಲಿ ಸೆಕೆಂಡಿಗೆ ಸುಮಾರು 12.4 ಮೀಟರ್. ಈ ಓಟಕ್ಕೆ ಆ ಮೂರರಲ್ಲಿ ಯಾವ ಸಮೀಕರಣವೂ ಒಗ್ಗುವುದಿಲ್ಲ. ಇಳಿಜಾರು, ಕ್ಷೇತ್ರಫಲಗಳು ಮಾತ್ರ ಇಲ್ಲಿಯೂ ಅಷ್ಟೇ ಸತ್ಯ.

ಎತ್ತರವನ್ನು ಮಾತ್ರ ನೋಡುವ ಅಭ್ಯಾಸ ಕ್ಷೇತ್ರಫಲದ ವಿಷಯದಲ್ಲೂ ದಾರಿ ತಪ್ಪಿಸುತ್ತದೆ. ಸೆಕೆಂಡಿಗೆ 15 ಮೀಟರಿನ ಸಮವೇಗದಲ್ಲಿ ಸಾಗುವ ಕಾರೊಂದು, ನಿಂತಿರುವ ಮೋಟಾರ್ ಸೈಕಲ್ಲನ್ನು ಹಾದುಹೋಗುತ್ತದೆ. ಅದೇ ಕ್ಷಣ ಮೋಟಾರ್ ಸೈಕಲ್ 3 ಮೀ/ಸೆ² ವೇಗೋತ್ಕರ್ಷದಿಂದ ಬೆನ್ನಟ್ಟುತ್ತದೆ. ಎರಡು ಗೆರೆಗಳೂ ಐದನೆಯ ಸೆಕೆಂಡಿನ ಕೊನೆಯಲ್ಲಿ ಸಂಧಿಸುತ್ತವೆ. ಅಲ್ಲಿ ಎರಡು ವಾಹನಗಳೂ ಭೇಟಿಯಾದವು ಎಂದು ಬರೆಯುವವರೇ ಹೆಚ್ಚು. ವಾಸ್ತವದಲ್ಲಿ ಆಗ ವೇಗಗಳು ಮಾತ್ರ ಸಮ; ಕಾರು 75 ಮೀಟರ್ ಹೋಗಿದೆ, ಮೋಟಾರ್ ಸೈಕಲ್ 37.5 ಮೀಟರ್. ಇಡೀ ಬೆನ್ನಟ್ಟುವಿಕೆಯಲ್ಲಿ ಅಂತರ ಅತ್ಯಧಿಕವಾಗಿರುವುದು ಅದೇ ಕ್ಷಣದಲ್ಲಿ. ಕ್ಷೇತ್ರಫಲಗಳು ಸಮವಾಗುವುದು ಹತ್ತನೆಯ ಸೆಕೆಂಡಿನ ಕೊನೆಯಲ್ಲಿ, 150 ಮೀಟರ್ ದೂರದಲ್ಲಿ. ಆಗ ಮೋಟಾರ್ ಸೈಕಲ್ಲಿನ ವೇಗ ಕಾರಿನದರ ಎರಡರಷ್ಟು. ಬ್ರೇಕ್ ಹಾಕುವ ಲೆಕ್ಕವೂ ಇದೇ ರೀತಿಯದು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿರುವ ಚಾಲಕನಿಗೆ ಅಪಾಯ ಅರಿವಾಗಿ ಕಾಲು ಬ್ರೇಕಿಗೆ ಹೋಗಲು 1 ಸೆಕೆಂಡ್ ಬೇಕು, ಆಮೇಲೆ ವಾಹನ 5 ಮೀ/ಸೆ² ಪ್ರಮಾಣದಲ್ಲಿ ನಿಧಾನವಾಗುತ್ತದೆ ಎಂದಾದರೆ, 10 ಮೀಟರಿನ ಆಯತ ಮತ್ತು 10 ಮೀಟರಿನ ತ್ರಿಭುಜ ಸೇರಿ ನಿಲ್ಲಲು 20 ಮೀಟರ್ ಬೇಕು. ವೇಗ ಎರಡರಷ್ಟಾದರೆ ಆಯತ 20, ತ್ರಿಭುಜ 40, ಒಟ್ಟು 60 ಮೀಟರ್. ತ್ರಿಭುಜದ ಎತ್ತರವೂ ಅಗಲವೂ ಎರಡರಷ್ಟಾದುದರಿಂದ ಅದು ನಾಲ್ಕು ಪಟ್ಟಾಯಿತು. ಮುಂದೊಂದು ದಿನ ವಾಹನ ನಡೆಸಲಿರುವ ಮಕ್ಕಳಿಗೆ ಈ ಚಿತ್ರ ಸೂತ್ರಕ್ಕಿಂತ ಹೆಚ್ಚು ಉಪಯುಕ್ತ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಅಪಘಾತದ ಬಲವೂ ಇದೇ ಚಿತ್ರದಲ್ಲಿದೆ. ಸೆಕೆಂಡಿಗೆ 15 ಮೀಟರಿನಿಂದ ಸೊನ್ನೆಗೆ ಇಳಿಯಲು 5 ಸೆಕೆಂಡ್ ತೆಗೆದುಕೊಂಡರೆ 60 ಕಿಲೋಗ್ರಾಂ ರಾಶಿಯ ಪ್ರಯಾಣಿಕರ ಮೇಲೆ ಸರಾಸರಿ 180 ನ್ಯೂಟನ್ ಬಲ ಬೇಕು, 0.1 ಸೆಕೆಂಡಿನಲ್ಲಿ ನಿಂತರೆ 9,000 ನ್ಯೂಟನ್. ಹೊರಟ ಎತ್ತರ ಒಂದೇ, ಮುಟ್ಟಿದ ಎತ್ತರ ಒಂದೇ, ಬದಲಾದದ್ದು ಇಳಿಜಾರು. ಸೀಟ್ ಬೆಲ್ಟ್, ಏರ್‌ಬ್ಯಾಗ್‌ಗಳ ಕೆಲಸ ಆ ಇಳಿಜಾರನ್ನು ಸಾಧ್ಯವಾದಷ್ಟು ತಗ್ಗಿಸುವುದು. ಕೆಲವು ಪುಸ್ತಕಗಳಲ್ಲಿ ನಿಂತ ವಾಹನವನ್ನು ತೋರಿಸಲು ಗೆರೆಯನ್ನು ಲಂಬವಾಗಿ ಕೆಳಕ್ಕೆ ಎಳೆದಿರುತ್ತಾರೆ. ಲಂಬಗೆರೆಯ ಅರ್ಥ ಅನಂತ ಬಲ ಎಂಬುದನ್ನು ಚಿತ್ರಕಾರರು ಗಮನಿಸಿದಂತಿಲ್ಲ.

ಈ ನಕ್ಷೆಗೆ ಮಿತಿಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಇದುವರೆಗೆ ಹೇಳಿದ್ದೆಲ್ಲ ಒಂದೇ ಸರಳರೇಖೆಯ ಮೇಲೆ ಹಿಂದೆ ಮುಂದೆ ಸಾಗುವ ಚಲನೆಗೆ ಅನ್ವಯಿಸುತ್ತದೆ. ಚಂದ್ರ ಭೂಮಿಯನ್ನು ಸೆಕೆಂಡಿಗೆ ಸುಮಾರು 1 ಕಿ.ಮೀ. ಜವದಿಂದ ಸುತ್ತುತ್ತದೆ. ಅದರ ಜವ–ಕಾಲ ನಕ್ಷೆ ಬರೆದರೆ ಗೆರೆ ಬಹುತೇಕ ಸಪಾಟು, ಆದರೂ ಭೂಮಿಯ ಎಳೆತ ಎಡೆಬಿಡದೆ ಇದೆ. ಆ ಬಲ ದಿಕ್ಕನ್ನು ಬದಲಿಸುತ್ತಿದೆ, ಜವವನ್ನಲ್ಲ. ಜವದ ನಕ್ಷೆ ಬೇರೆ, ವೇಗದ ನಕ್ಷೆ ಬೇರೆ ಎಂಬುದನ್ನು ಈ ಒಂದು ಉದಾಹರಣೆಯಿಂದ ಹೇಳಿ ಮುಂದುವರಿದರೆ ಪ್ರೌಢಶಾಲೆಯ ಮಟ್ಟಕ್ಕೆ ಸಾಕು.

ಇಂಥ ಬೋಧನೆಗೆ ದುಬಾರಿ ಉಪಕರಣ ಬೇಕೆಂದು ಹೇಳುವವರಿದ್ದಾರೆ. ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಮೀಟರುಗಳನ್ನು ಗುರುತಿಸಿ, ಕಪ್ಪು ಹಲಗೆಯ ಮೇಲೆ ಒಂದು ವೇಗ–ಕಾಲ ನಕ್ಷೆ ಬರೆದು, ಅದರಂತೆ ನಡೆದು ತೋರಿಸು ಎಂದು ವಿದ್ಯಾರ್ಥಿಗೆ ಹೇಳಿದರೆ ಸಾಕು. ಗೆರೆ ಅಕ್ಷವನ್ನು ದಾಟಿದಾಗ ಹಿಂದಕ್ಕೆ ತಿರುಗಬೇಕು, ಗೆರೆ ಇಳಿಯುತ್ತಿದ್ದರೂ ಅಕ್ಷದ ಮೇಲಿರುವಷ್ಟು ಹೊತ್ತು ಮುಂದಕ್ಕೇ ಹೋಗಬೇಕು ಎಂಬುದು ಕಾಲಿಗೆ ತಿಳಿದ ಮೇಲೆ ತಲೆಗೆ ಹತ್ತುವುದು ಸುಲಭ. ನಕ್ಷೆಯ ಗುಡ್ಡವನ್ನು ನೆಲದ ಗುಡ್ಡವೆಂದು ತಿಳಿಯುವವರೂ ಹೀಗೆ ನಡೆದ ಮೇಲೆ ತಿದ್ದಿಕೊಳ್ಳುತ್ತಾರೆ. ಫೋನಿನಲ್ಲಿರುವ ವೇಗೋತ್ಕರ್ಷ ಮಾಪಕವನ್ನು ಬಳಸಬೇಕೆಂಬ ಉತ್ಸಾಹಕ್ಕೆ ಮಾತ್ರ ನನ್ನ ಪೂರ್ಣ ಸಮ್ಮತಿಯಿಲ್ಲ. ಮೇಜಿನ ಮೇಲೆ ಸುಮ್ಮನೆ ಇಟ್ಟಾಗ ಅದು 9.8 ತೋರಿಸುತ್ತದೆ, ಬೀಳುವಾಗ ಸೊನ್ನೆ ತೋರಿಸುತ್ತದೆ. ಅದಕ್ಕೆ ಸಕಾರಣವಿದ್ದರೂ ಮೊದಲ ಪಾಠದಲ್ಲೇ ಅದನ್ನು ತಂದರೆ ಗೊಂದಲ ಹೆಚ್ಚುತ್ತದೆ.

ಆದರೆ ಪರೀಕ್ಷೆ ಬದಲಾಗದೆ ತರಗತಿ ಬದಲಾಗುವುದಿಲ್ಲ. ಹೆಸ್ಟನೀಸ್, ವೆಲ್ಸ್ ಮತ್ತು ಸ್ವಾಕ್‌ಹ್ಯಾಮರ್ 1992ರಲ್ಲಿ ಬಲದ ಪರಿಕಲ್ಪನೆಯನ್ನು ಪರೀಕ್ಷಿಸಲು ರೂಪಿಸಿದ ಬಹು ಆಯ್ಕೆಯ ಪ್ರಶ್ನಾವಳಿಯಲ್ಲಿ ಸೂತ್ರಕ್ಕೆ ಸಂಖ್ಯೆ ತುಂಬುವ ಲೆಕ್ಕಗಳಿಲ್ಲ; ಸಾಮಾನ್ಯ ಮಾತಿನಲ್ಲಿ ಕೇಳಿದ ಸರಳ ಪ್ರಶ್ನೆಗಳಿವೆ. ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದ ವಿದ್ಯಾರ್ಥಿಗಳೇ ಅವುಗಳಲ್ಲಿ ಎಡವಿದ್ದು ಜಗತ್ತಿನ ಅನೇಕ ಅಧ್ಯಾಪಕರ ಕಣ್ಣು ತೆರೆಸಿತು. ಅಂಥ ಪ್ರಶ್ನೆಗಳಿಗೆ ಅಂಕ ಕೊಡುವುದು ತುಸು ಶ್ರಮದ ಕೆಲಸ, ನಿಜ. ಒಂದೇ ಸಂಖ್ಯೆ ಉತ್ತರವಾಗಿರುವ ಪ್ರಶ್ನೆ ಮೌಲ್ಯಮಾಪಕರಿಗೆ ಹಿತ. ವಾದದಲ್ಲಿ ಕಾರಣವಿದೆಯೇ ಎಂದು ನೋಡಬೇಕಾದ ಪ್ರಶ್ನೆ ಅವರ ಸಮಯ ಬೇಡುತ್ತದೆ. ಹಾಗೆಂದು ಅಳೆಯಲು ಸುಲಭವಾದುದನ್ನೇ ಕಲಿಸುತ್ತಾ ಕೂರುವುದು ನ್ಯಾಯವೆನಿಸುವುದಿಲ್ಲ.

ತಮ್ಮ ವಿದ್ಯಾರ್ಥಿ ಪುಟದ ಮುಂದಿನ ಕಂತಿನಲ್ಲಿ ಕನಿಷ್ಠ ಒಂದು ಪ್ರಶ್ನೆಯಾದರೂ ಈ ಮಾದರಿಯದಾಗಿರಲಿ ಎಂದು ಕೋರುತ್ತೇನೆ. ನೇರ ಹಳಿಯ ಮೇಲೆ ಚಲಿಸುವ 2 ಕಿಲೋಗ್ರಾಂ ರಾಶಿಯ ಬಂಡಿಯ ವೇಗ ಮೊದಲ 4 ಸೆಕೆಂಡಿನಲ್ಲಿ ಸೆಕೆಂಡಿಗೆ 6 ಮೀಟರಿನಿಂದ ಋಣ 6 ಮೀಟರಿಗೆ ಸಮನಾಗಿ ಇಳಿಯುತ್ತದೆ, ಮುಂದಿನ 2 ಸೆಕೆಂಡ್ ಹಾಗೆಯೇ ಉಳಿಯುತ್ತದೆ. ನಕ್ಷೆ ಬರೆಯಿರಿ, ಅದರ ನೇರ ಕೆಳಗೆ, ಅದೇ ಕಾಲದ ಅಕ್ಷವನ್ನು ಬಳಸಿ, ನಿವ್ವಳ ಬಲದ ನಕ್ಷೆ ಬರೆಯಿರಿ, 2ನೆಯ ಸೆಕೆಂಡಿನ ಕೊನೆಯಲ್ಲಿ ಬಂಡಿಯ ವೇಗವೆಷ್ಟು, ಅದರ ಮೇಲಿನ ಬಲವೆಷ್ಟು ಎಂದು ಕಾರಣ ಸಹಿತ ತಿಳಿಸಿರಿ, 6 ಸೆಕೆಂಡಿನ ಬಳಿಕ ಬಂಡಿ ಹೊರಟ ಸ್ಥಳದಿಂದ ಎಲ್ಲಿದೆ ಎಂದು ಕಂಡುಹಿಡಿಯಿರಿ. ಉತ್ತರಗಳು ಕ್ರಮವಾಗಿ ವೇಗ ಸೊನ್ನೆ, ಬಲ ಋಣ 6 ನ್ಯೂಟನ್, ಸ್ಥಾನಪಲ್ಲಟ ಋಣ 12 ಮೀಟರ್. ಉತ್ತರಗಳನ್ನು ಅದೇ ದಿನ ಮುದ್ರಿಸದೆ ಒಂದು ವಾರ ತಡೆದರೆ ಒಳ್ಳೆಯದು. ಅಂಕ ಹಂಚುವಾಗ ಎರಡನೆಯ ನಕ್ಷೆಗೂ ಕಾರಣದ ವಾಕ್ಯಕ್ಕೂ ಅರ್ಧಕ್ಕಿಂತ ಹೆಚ್ಚು ಪಾಲು ಮೀಸಲಿಡಬೇಕೆಂಬುದು ನನ್ನ ಸಲಹೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಭೌತಶಾಸ್ತ್ರ ಶಿಕ್ಷಕ